ಬೆಳಿಗ್ಗೆ ಐದು ಗಂಟೆಯ ಬರ್ಲಿನ್

ಪ್ರಶ್ನೆ: ಯೂಟ್ಯೂಬ್‌ನಲ್ಲಿ 'ಬರ್ಲಿನ್: ಮಹಾನಗರದ ಸಿಂಫನಿ' ಅನ್ನುವ 1927ರ ಮೂಕಿ ಚಿತ್ರ ನೋಡಿದೆ. ಒಂದು ಗಂಟೆ ಕೂತು ನೋಡಿದರೂ ಕಥೆ ಇಲ್ಲ, ನಾಯಕ ಇಲ್ಲ. ಅದೇ ಹೊತ್ತಿಗೆ ವರ್ಜೀನಿಯಾ ವುಲ್ಫ್‌ನ 'ಮಿಸೆಸ್ ಡ್ಯಾಲೋವೇ' ಓದುತ್ತಿದ್ದೆ. ಅಲ್ಲೂ ಒಂದೇ ದಿನ, ಒಂದೇ ಊರು, ಸುಮ್ನೆ ಓಡಾಡುವ ಜನ. ಆ ಕಾಲದ ಕಾದಂಬರಿಕಾರರು ಸಿನಿಮಾ ನೋಡಿಯೇ ಹೀಗೆ ಬರೆಯಲು ಕಲಿತರು ಅಂತ ಎಲ್ಲೋ ಓದಿದೆ. ಅದು ನಿಜವಾ? ಎಲ್ಲರೂ ಒಂದು ದಿನಕ್ಕೇ ಯಾಕೆ ಅಂಟಿಕೊಂಡರು? ಕನ್ನಡದಲ್ಲಿ ಇಂಥದ್ದು ಏನಾದರೂ ಇದೆಯಾ?

ಉತ್ತರ: ಆ ಚಿತ್ರ ನೋಡಿ ನಿಮಗೆ ಬೇಜಾರಾಗಿದ್ದರೆ ಸಂಕೋಚ ಬೇಡ. ತರಗತಿಯಲ್ಲಿ ಅದನ್ನು ಹಾಕಿದಾಗಲೆಲ್ಲ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು 'ಸರ್, ಇದು ಸಿಸಿಟಿವಿ ಇದ್ದ ಹಾಗಿದೆ' ಅಂತ ಹೇಳೇ ಹೇಳುತ್ತಾರೆ. ನಾನು ವಾದಕ್ಕೆ ಇಳಿಯುವುದಿಲ್ಲ. ಮೊದಲ ಹತ್ತು ನಿಮಿಷವನ್ನು ಇನ್ನೊಂದು ಸಲ ಹಾಕುತ್ತೇನೆ. ನೀವೂ ಹಾಗೇ ಮಾಡಿ ನೋಡಿ.

ಶುರುವಾಗುವುದು ನೀರಿನಿಂದ. ಸಣ್ಣ ಸಣ್ಣ ಅಲೆ. ನೋಡುತ್ತಿದ್ದ ಹಾಗೇ ಅಲೆ ಹೋಗಿ ಬರೀ ಗೆರೆಗಳಾಗುತ್ತವೆ, ಗೆರೆಗಳು ಪಟ್ಟಿಗಳಾಗಿ ಮೇಲಿಂದ ಇಳಿಯುತ್ತವೆ. ಇದೇನಪ್ಪಾ ಅನ್ನುವಷ್ಟರಲ್ಲಿ ಆ ಪಟ್ಟಿಗಳು ರೈಲ್ವೆ ಗೇಟಿನ ಕೋಲುಗಳಾಗಿರುತ್ತವೆ, ರೈಲು ಧಡಧಡ ನುಗ್ಗಿ ಬರುತ್ತದೆ. ಇದನ್ನು ಮಾಡಿದ ವಾಲ್ಟರ್ ರುಟ್‌ಮನ್ ಮೊದಲು ಬಣ್ಣ ಕುಂಚ ಹಿಡಿದವನು. ಇದಕ್ಕೂ ಮುಂಚೆ ಬರೀ ಆಕಾರಗಳು ಕುಣಿಯುವ ಪುಟ್ಟ ಪುಟ್ಟ ಚಿತ್ರಗಳನ್ನು ಮಾಡಿದ್ದ. ಹಾಗಾಗಿ ಅವನ ಕಣ್ಣಿಗೆ ರೈಲು ಕೂಡ ಮೊದಲು ಗೆರೆ, ಆಮೇಲೆ ರೈಲು. ಹಳಿ, ತಂತಿ, ಕಂಬ, ಸೇತುವೆ, ಹೊಲ, ಊರಾಚೆಯ ಮನೆಗಳ ಹಿತ್ತಿಲು. ಕೊನೆಗೆ ಬರ್ಲಿನ್‌ನ ಆನ್‌ಹಾಲ್ಟರ್ ನಿಲ್ದಾಣ.

ಆಮೇಲಿನದು ನನಗೆ ತುಂಬಾ ಇಷ್ಟದ ಜಾಗ. ಅಷ್ಟು ಹೊತ್ತು ಓಡಿದ ಚಿತ್ರ ಗಪ್ಪಂತ ನಿಂತುಬಿಡುತ್ತದೆ. ಗಡಿಯಾರದಲ್ಲಿ ಐದು ಗಂಟೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಒಂದು ಕಾಗದದ ಚೂರು ಗಾಳಿಗೆ ಉರುಳಿಕೊಂಡು ಹೋಗುತ್ತದೆ. ಒಂದು ಬೆಕ್ಕು. ನಾಯಿ ಹಿಡಿದುಕೊಂಡು ಗಸ್ತು ತಿರುಗುವ ಪೊಲೀಸು. ಅಂಗಡಿಯ ಗಾಜಿನ ಹಿಂದೆ ನಿಂತ ಗೊಂಬೆಗಳು. ಒಂದು ಬಾಗಿಲು ತೆರೆಯುತ್ತದೆ. ಒಬ್ಬ ಹೊರಗೆ ಬರುತ್ತಾನೆ, ಆಮೇಲೆ ಇಬ್ಬರು, ಆಮೇಲೆ ಐದಾರು ಜನ. ಯಾವಾಗ ತುಂಬಿತು ಅಂತ ಗೊತ್ತೇ ಆಗದ ಹಾಗೆ ಬೀದಿ ತುಂಬಾ ಕಾಲುಗಳು. ಎಲ್ಲ ಕೆಲಸಕ್ಕೆ ಹೊರಟ ಕಾಲುಗಳು. ಇಲ್ಲಿ ನಾಯಕ ಇಲ್ಲ ಅಂದಿರಲ್ಲ, ಇದ್ದಾನೆ. ಅವನು ನಿದ್ದೆಯಿಂದ ಏಳುತ್ತಿದ್ದಾನೆ, ಅಷ್ಟೇ. ಸಿಸಿಟಿವಿ ತನ್ನ ಮುಂದೆ ಬಂದದ್ದನ್ನೆಲ್ಲ ನುಂಗುತ್ತದೆ. ಇಲ್ಲಿ ಬೆಕ್ಕಿನ ಪಕ್ಕ ಯಾವ ಚೂರು ಬರಬೇಕು ಅಂತ ಒಬ್ಬ ಕೂತು ಯೋಚಿಸಿದ್ದಾನೆ.

ಈಗ ನಿಮ್ಮ ಮೊದಲ ಪ್ರಶ್ನೆ. ಕಾದಂಬರಿಕಾರರು ಸಿನಿಮಾ ನೋಡಿ ಕಲಿತರು ಅನ್ನುವ ಮಾತು ಕೇಳಲು ಚೆನ್ನಾಗಿದೆ. ಹೊಸ ಯಂತ್ರ ಬಂತು, ಅದನ್ನು ನೋಡಿ ಹಳೆ ಕಲೆ ಬದಲಾಯಿತು. ತುಂಬಾ ಸಲೀಸು. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಆ ಮಾತು ಅಲ್ಲಾಡಲು ಶುರುವಾಗುತ್ತದೆ.

ಲೂಮಿಯೇರ್ ಸೋದರರು ಪ್ಯಾರಿಸ್‌ನ ಗ್ರಾಂಡ್ ಕೆಫೆಯಲ್ಲಿ ಟಿಕೆಟ್ ಇಟ್ಟು ಜನರಿಗೆ ಚಿತ್ರ ತೋರಿಸಿದ್ದು 1895ರ ಡಿಸೆಂಬರ್ 28ರಂದು. ಅದಕ್ಕೂ ಸುಮಾರು 40 ವರ್ಷ ಮುಂಚೆ ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್ 'ಮದಾಮ್ ಬೊವಾರಿ'ಯಲ್ಲಿ ಒಂದು ಕೃಷಿ ಮೇಳ ಬರೆದಿದ್ದ. ಮಹಡಿಯ ಮೇಲೆ ರೊಡಾಲ್ಫ್ ಎಂಬ ಆಸಾಮಿ ನಾಯಕಿ ಎಮ್ಮಾಳ ಪಕ್ಕ ಕೂತು ಪ್ರೇಮ, ಹಣೆಬರಹ ಅಂತೆಲ್ಲ ಮಾತಾಡುತ್ತಿದ್ದಾನೆ. ಕೆಳಗೆ ಬಹುಮಾನ ಕೂಗುತ್ತಿದ್ದಾರೆ. ಇವನು ಮೇಲೆ ಒಂದು ಮಾತಿನಲ್ಲಿ ಕರಗಿಹೋಗುತ್ತಾನೆ, ಕೆಳಗಿಂದ 'ಗೊಬ್ಬರಕ್ಕೆ!' ಅಂತ ಕೂಗು ಬರುತ್ತದೆ. ಒಂದು ಸಾಲು ಮೇಲಿನದು, ಒಂದು ಸಾಲು ಕೆಳಗಿನದು. ಮುಂದೆ ಸಿನಿಮಾದವರು ಕತ್ತರಿ ಹಿಡಿದು ಮಾಡಿದ್ದು ಇದನ್ನೇ ಅಲ್ವಾ?

ಅಮೆರಿಕದಲ್ಲಿ ಡಿ. ಡಬ್ಲ್ಯೂ. ಗ್ರಿಫಿತ್ 1908ರಲ್ಲಿ ಎರಡು ಬೇರೆ ಜಾಗದ ದೃಶ್ಯಗಳನ್ನು ಹೆಣೆದು ತೋರಿಸಲು ಹೊರಟಾಗ, ಹೀಗೆ ಹಾರಿದರೆ ಜನಕ್ಕೆ ಅರ್ಥ ಆಗುತ್ತಾ ಅಂತ ಸ್ಟುಡಿಯೋದಲ್ಲಿ ತಕರಾರು ಎದ್ದಿತಂತೆ. ಡಿಕನ್ಸ್ ಬರೆಯುವುದೇ ಹೀಗಲ್ಲವಾ ಅಂದನಂತೆ ಗ್ರಿಫಿತ್. ಸೋವಿಯತ್ ಚಿತ್ರ ನಿರ್ದೇಶಕ ಐಸೆನ್‌ಸ್ಟೈನ್ 1944ರಲ್ಲಿ ಇದನ್ನು ಹಿಡಿದುಕೊಂಡು ಒಂದು ಉದ್ದದ ಪ್ರಬಂಧವನ್ನೇ ಬರೆದ. ಅಂದರೆ ಸಿನಿಮಾದವರನ್ನು ಕೇಳಿದರೆ ಅವರು ಕಾದಂಬರಿಯ ಕಡೆ ಬೆರಳು ತೋರಿಸುತ್ತಾರೆ.

ಹಾಗಾದರೆ ಇಬ್ಬರಿಗೂ ಮೇಷ್ಟ್ರು ಯಾರು? ನನ್ನ ಉತ್ತರ ಸ್ವಲ್ಪ ಮೋಟು. ಟ್ರಾಮ್ ಗಾಡಿ.

ತಮಾಷೆ ಅಲ್ಲ. ಟ್ರಾಮ್‌ನಲ್ಲಿ ಕೂತವನಿಗೆ ಏನು ಕಾಣುತ್ತದೆ ಯೋಚಿಸಿ. ಅರ್ಧ ಬೋರ್ಡು. ಒಂದು ಮುಖ, ಅದು ಆಗಲೇ ಹಿಂದೆ ಹೋಯಿತು. ಪಕ್ಕದವರ ಮಾತಿನ ನಡುವಿನ ತುಂಡು, ಅದರ ತಲೆಬುಡ ಗೊತ್ತಿಲ್ಲ. ಹಳ್ಳಿಯಲ್ಲಿ ಎದುರಿಗೆ ಬಂದವರ ಮೂರು ತಲೆಮಾರಿನ ಕಥೆ ಗೊತ್ತಿರುತ್ತದೆ. ಇಲ್ಲಿ ದಿನಕ್ಕೆ ಸಾವಿರ ಮುಖ ಕಾಣುತ್ತವೆ, ಒಂದರ ಹೆಸರೂ ಗೊತ್ತಿಲ್ಲ. 1900ರ ಸುಮಾರಿನ ಸಿನಿಮಾದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕ್ಯಾಮೆರಾವನ್ನು ಟ್ರಾಮ್ ಮೂತಿಗೆ ಕಟ್ಟಿ ಊರೆಲ್ಲ ಸುತ್ತಿಸುತ್ತಿದ್ದರು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ ಮಿಚೆಲ್ ಮತ್ತು ಕೆನ್ಯನ್ ಅನ್ನುವ ಇಬ್ಬರ ಕಂಪನಿ ಇಂಥ ಚಿತ್ರಗಳನ್ನು ರಾಶಿ ತೆಗೆದಿತ್ತು. ಕಾರ್ಖಾನೆ ಗೇಟಿನಿಂದ ಹೊರಬರುವ ಕೂಲಿಗಳು, ಟ್ರಾಮ್ ಮುಂದೆ ರಸ್ತೆ ದಾಟುವ ಹುಡುಗರು, ಕ್ಯಾಮೆರಾ ಕಂಡು ಟೋಪಿ ಎತ್ತುವವರು. ಆ ರೀಲುಗಳು 1994ರಲ್ಲಿ ಒಂದು ಹಳೆ ಅಂಗಡಿಯ ನೆಲಮಾಳಿಗೆಯಲ್ಲಿ, ಡ್ರಮ್ಮುಗಳೊಳಗೆ ಸಿಕ್ಕಿದವು. ಸಿಕ್ಕರೆ ನೋಡಿ. ನನಗಂತೂ ಅದರಲ್ಲಿ ಕಾಣುವ ಹುಡುಗರ ಮುಖ ರುಟ್‌ಮನ್‌ನ ಎಲ್ಲ ಜಾಣತನಕ್ಕಿಂತ ಜಾಸ್ತಿ ಕಾಡುತ್ತದೆ.

ಸಾಹಿತ್ಯದಲ್ಲಿ ಈ ದಾರಿಹೋಕ ಮುಖ ಇನ್ನೂ ಹಳೆಯದು. ಬೋದಿಲೇರ್‌ನ ಒಂದು ಕವಿತೆ ಇದೆ. ಗದ್ದಲದ ಬೀದಿಯಲ್ಲಿ ಶೋಕದ ಉಡುಪಿನ ಹೆಂಗಸೊಬ್ಬಳು ಎದುರಿಗೆ ಬರುತ್ತಾಳೆ. ಒಂದು ನೋಟ. ಮಿಂಚು ಹೊಡೆದ ಹಾಗೆ. ಆಮೇಲೆ ಕತ್ತಲು, ಅವಳು ಹೋಗಿಬಿಟ್ಟಳು. ಇಡೀ ಕವಿತೆ ಅಷ್ಟೇ. ಅವನ ಪ್ಯಾರಿಸ್ ಆಗ ಕಣ್ಣ ಮುಂದೆಯೇ ಒಡೆದು ಕಟ್ಟಿಸಿಕೊಳ್ಳುತ್ತಿತ್ತು. 1853ರಿಂದ ಬ್ಯಾರನ್ ಓಸ್ಮಾನ್ ಹಳೆ ಓಣಿಗಳನ್ನು ಕೆಡವಿ ಉದ್ದನೆಯ ಬುಲೆವಾರ್ಡುಗಳನ್ನು ಹಾಕಿಸುತ್ತಿದ್ದ. ಊರಿನ ರೂಪ ಮನುಷ್ಯನ ಮನಸ್ಸಿಗಿಂತ ಬೇಗ ಬದಲಾಗುತ್ತದಲ್ಲ ಅಂತ ಕೊರಗಿದವನೂ ಇದೇ ಬೋದಿಲೇರ್. ಕನ್ನಡದವರಿಗೆ ಈ ಕವಿ ಹೊಸಬನೇನಲ್ಲ. ಪಿ. ಲಂಕೇಶ್ 'ಪಾಪದ ಹೂಗಳು' ಅಂತ ಅವನನ್ನು ಕನ್ನಡಕ್ಕೆ ತಂದಿದ್ದಾರೆ.

ಸಿನಿಮಾಕ್ಕೂ ಕಾದಂಬರಿಗೂ ನೇರ ನಂಟು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಬ್ಬ ಕಾದಂಬರಿಕಾರನಂತೂ ಸಿನಿಮಾ ಥಿಯೇಟರನ್ನೇ ತೆರೆದಿದ್ದ. ಡಬ್ಲಿನ್‌ನವನಾದ ಜೇಮ್ಸ್ ಜಾಯ್ಸ್ ಆಗ ಈಗಿನ ಇಟಲಿಯ ಟ್ರಿಯೆಸ್ಟ್‌ನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದ. ಕೈಯಲ್ಲಿ ಯಾವತ್ತೂ ದುಡ್ಡಿಲ್ಲ. ಅವನ ತಂಗಿ ಈವಾ ಒಂದು ದಿನ, ಇಲ್ಲಿ ಇಷ್ಟೊಂದು ಸಿನಿಮಾ ಇದೆ, ಡಬ್ಲಿನ್‌ನಲ್ಲಿ ಒಂದೂ ಇಲ್ಲವಲ್ಲ ಅಂದಳು. ಜಾಯ್ಸ್ ತಲೆ ಓಡಿತು. ಟ್ರಿಯೆಸ್ಟ್‌ನ ವ್ಯಾಪಾರಿಗಳ ಹತ್ತಿರ ದುಡ್ಡು ಹಾಕಿಸಿ, ಡಬ್ಲಿನ್‌ನ ಮೇರಿ ಸ್ಟ್ರೀಟ್‌ನಲ್ಲಿ 'ವೋಲ್ಟಾ' ಅಂತ ಒಂದು ಥಿಯೇಟರ್ ಶುರು ಮಾಡಿಸಿದ. 1909ರ ಡಿಸೆಂಬರ್ 20ರಂದು ಮೊದಲ ಪ್ರದರ್ಶನ. ಜನವರಿ ಬರುತ್ತಲೇ ಇವನು ಟ್ರಿಯೆಸ್ಟ್‌ಗೆ ವಾಪಸ್. ಮುಂದೆ ಆರೇಳು ತಿಂಗಳಲ್ಲಿ ಥಿಯೇಟರ್ ನಷ್ಟಕ್ಕೆ ಮಾರಾಟವಾಯಿತು. ಜಾಯ್ಸ್ ಕೈಗೆ ಕಾಸು ಬರಲಿಲ್ಲ.

ಅವನ 'ಯುಲಿಸಿಸ್' 1922ರ ಫೆಬ್ರವರಿ 2ರಂದು ಪ್ಯಾರಿಸ್‌ನಲ್ಲಿ ಪ್ರಕಟವಾಯಿತು. ಒಳಗಿನ ಕಥೆ 1904ರ ಜೂನ್ 16ರ ಒಂದು ದಿನದ್ದು. ಅದರಲ್ಲಿ 'ಅಲೆಯುವ ಬಂಡೆಗಳು' ಅಂತ ಹೆಸರಾದ ಹತ್ತನೇ ಅಧ್ಯಾಯ ಇದೆ. ಇಡೀ ಪುಸ್ತಕ ಓದಲು ಧೈರ್ಯ ಸಾಲದಿದ್ದರೆ ಅದೊಂದನ್ನು ಓದಿ. ಮಧ್ಯಾಹ್ನ ಮೂರರಿಂದ ನಾಲ್ಕರ ಡಬ್ಲಿನ್. 19 ತುಂಡುಗಳು. ಒಂದೊಂದರಲ್ಲೂ ಬೇರೆ ಬೇರೆ ಜನ, ಬೇರೆ ಬೇರೆ ರಸ್ತೆ. ಎರಡನೇ ತುಂಡಿನಲ್ಲಿ ಕಾರ್ನಿ ಕೆಲ್ಲಹರ್ ಅಂತ, ಹೆಣದ ಪೆಟ್ಟಿಗೆ ಅಂಗಡಿಯವನು, ಬಾಗಿಲಿಗೆ ಒರಗಿ ನಿಂತಿದ್ದಾನೆ. ಬಾಯಲ್ಲಿ ಒಂದು ಹುಲ್ಲುಕಡ್ಡಿ. ಅವನು ಅದರ ರಸವನ್ನು ಪಿಚಕ್ಕನೆ ಉಗುಳುತ್ತಾನೆ. ಅದೇ ವಾಕ್ಯದಲ್ಲಿ, ಪೂರ್ಣವಿರಾಮ ಕೂಡ ಇಲ್ಲದೆ, ಎಕ್ಲಿಸ್ ಸ್ಟ್ರೀಟ್‌ನ ಕಿಟಕಿಯೊಂದರಿಂದ ಒಂದು ಬಿಳಿಯ ತುಂಬು ತೋಳು ನಾಣ್ಯ ಎಸೆಯುತ್ತದೆ. ಯಾರ ತೋಳು, ಯಾರಿಗೆ ಎಸೆದದ್ದು, ಒಂದೂ ಹೇಳುವುದಿಲ್ಲ. ಓದುಗ ಕಣ್ಣು ಉಜ್ಜಿಕೊಳ್ಳಬೇಕು.

ಮೂರನೇ ತುಂಡಿಗೆ ಬಂದರೆ ಒಂಟಿಕಾಲಿನ ನಾವಿಕನೊಬ್ಬ ಊರುಗೋಲು ಊರಿಕೊಂಡು, ಹಾಡು ಗೊಣಗುತ್ತಾ ಎಕ್ಲಿಸ್ ಸ್ಟ್ರೀಟ್‌ನಲ್ಲಿ ಬರುತ್ತಿದ್ದಾನೆ. ಕಿಟಕಿ ತೆರೆಯುತ್ತದೆ. 'ಬಾಡಿಗೆಗೆ ಇದೆ' ಅನ್ನುವ ಚೀಟಿ ಜಾರಿ ಬೀಳುತ್ತದೆ. ತೋಳು ಹೊರಬಂದು ನಾಣ್ಯ ಎಸೆಯುತ್ತದೆ. ಬೀದಿ ಹುಡುಗನೊಬ್ಬ ಓಡಿಹೋಗಿ ಎತ್ತಿ ನಾವಿಕನ ಟೋಪಿಗೆ ಹಾಕುತ್ತಾನೆ. ಓಹೋ, ಆ ನಾಣ್ಯ ಇದು! ಅಲ್ಲಿ ಉಗುಳಿದ್ದೂ ಇಲ್ಲಿ ಎಸೆದದ್ದೂ ಒಂದೇ ಕ್ಷಣ. ಆ ಇಬ್ಬರು ಒಬ್ಬರನ್ನೊಬ್ಬರು ನೋಡಿಲ್ಲ, ನೋಡುವುದೂ ಇಲ್ಲ. ಊರು ಅಂದರೆ ಅದೇ. ಇದನ್ನು ಬರೆಯುವಾಗ ಜಾಯ್ಸ್ ಡಬ್ಲಿನ್ ನಕ್ಷೆಯನ್ನು ಮುಂದೆ ಹರಡಿಕೊಂಡು, ಯಾರು ಯಾವ ದಾರಿಯಲ್ಲಿ ಹೋಗುತ್ತಾರೆ ಅಂತ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ, ನಡೆಯಲು ಎಷ್ಟು ನಿಮಿಷ ಬೇಕು ಅಂತ ಲೆಕ್ಕ ಹಾಕಿದ್ದ ಅಂತ ಗೆಳೆಯ ಫ್ರಾಂಕ್ ಬಜನ್ ಬರೆದಿದ್ದಾನೆ. ಕ್ಯಾಮೆರಾ ಹಿಡಿದವನಿಗಿಂತ ರೈಲ್ವೆ ಟೈಮ್‌ಟೇಬಲ್ ಹಾಕುವವನ ಕೆಲಸ ಇದ್ದ ಹಾಗೆ ಕಾಣುತ್ತದೆ ನನಗೆ.

ಟೈಮ್‌ಟೇಬಲ್ ಅಂದೆನಲ್ಲ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಯಾಕೆ ಒಂದೇ ದಿನ? ಗೇಯಾರ್ಗ್ ಸಿಮೆಲ್ ಅನ್ನುವ ಸಮಾಜಶಾಸ್ತ್ರಜ್ಞ 1903ರಲ್ಲಿ ಮಹಾನಗರದ ಮನಸ್ಸಿನ ಬಗ್ಗೆ ಒಂದು ಭಾಷಣ ಬರೆದ. ಈಗಲೂ ಓದುವ ಹಾಗಿದೆ. ಅದರಲ್ಲೊಂದು ಮಾತು ಬರುತ್ತದೆ. ಬರ್ಲಿನ್‌ನ ಗಡಿಯಾರಗಳೆಲ್ಲ ಒಂದು ಗಂಟೆ ಹೆಚ್ಚುಕಮ್ಮಿ ಆದರೆ ಸಾಕು, ಊರಿನ ವ್ಯವಹಾರವೆಲ್ಲ ಎಷ್ಟೋ ದಿನ ಹಳಿ ತಪ್ಪುತ್ತದೆ ಅಂತ. ಹಳ್ಳಿಯ ಬದುಕನ್ನು ಹಿಡಿಯಲು ವರ್ಷ ಬೇಕು. ಬಿತ್ತನೆ, ಕಳೆ, ಕೊಯ್ಲು, ಜಾತ್ರೆ. ನಗರಕ್ಕೆ ಒಂದು ದಿನ ಸಾಕು, ಯಾಕೆಂದರೆ ನಾಳೆಯೂ ಅದೇ. ಐದಕ್ಕೆ ಖಾಲಿ ಬೀದಿ, ಎಂಟಕ್ಕೆ ಆಫೀಸು, ಹನ್ನೆರಡಕ್ಕೆ ಊಟ, ರಾತ್ರಿ ದೀಪ. ರುಟ್‌ಮನ್ ಚಿತ್ರದಲ್ಲಿ ಹನ್ನೆರಡಕ್ಕೆ ಯಂತ್ರಗಳು ನಿಲ್ಲುತ್ತವೆ. ಕೂಲಿಯವನು ತಿನ್ನುತ್ತಾನೆ, ಹೋಟೆಲಿನಲ್ಲಿ ಸಾಹುಕಾರ ತಿನ್ನುತ್ತಾನೆ, ಝೂನಲ್ಲಿ ಪ್ರಾಣಿಗಳೂ ತಿನ್ನುತ್ತವೆ. ಗಡಿಯಾರವೇ ಕಥೆ ನಡೆಸುವಾಗ ಬೇರೆ ಕಥೆ ಯಾಕೆ ಬೇಕು?

ಅಂದಹಾಗೆ ಜಾಯ್ಸ್‌ನ ಡಬ್ಲಿನ್‌ನಲ್ಲಿ ಗಡಿಯಾರವೇ ಬೇರೆ. ಆಗ ಡಬ್ಲಿನ್ ಸಮಯ ಲಂಡನ್ನಿಗಿಂತ 25 ನಿಮಿಷ ಹಿಂದೆ. 1916ರಲ್ಲಿ ಅದನ್ನು ಲಂಡನ್ನಿಗೆ ಸೇರಿಸಿದರು. ಬೀದಿಯಲ್ಲಿ ನಡೆಯುತ್ತಾ 'ಯುಲಿಸಿಸ್'ನ ನಾಯಕ ಬ್ಲೂಮ್ ಈ ಸಮಯದ ಗೊಂದಲವನ್ನೇ ತಲೆಯಲ್ಲಿ ತಿರುವಿ ಹಾಕುತ್ತಾನೆ. ಆಳುವವರ ಗಂಟೆ ಒಂದು, ಆಳಿಸಿಕೊಳ್ಳುವವರ ಗಂಟೆ ಇನ್ನೊಂದು.

'ಮಿಸೆಸ್ ಡ್ಯಾಲೋವೇ'ಯಲ್ಲಿ ಬಿಗ್ ಬೆನ್ ಬಡಿಯುವುದನ್ನು ನೀವು ಗಮನಿಸಿರುತ್ತೀರಿ. 1925ರ ಪುಸ್ತಕ, 1923ರ ಜೂನ್ ತಿಂಗಳ ಒಂದು ದಿನ. ಆ ವಿಮಾನದ ದೃಶ್ಯ ನೆನಪಿಸಿಕೊಳ್ಳಿ. ಆಕಾಶದಲ್ಲಿ ಹೊಗೆಯಿಂದ ಅಕ್ಷರ ಬರೆದು ಜಾಹೀರಾತು ಮಾಡುವುದು ಆಗ ತೀರ ಹೊಸದು. ಲಂಡನ್ ಕತ್ತೆತ್ತಿ ನೋಡುತ್ತದೆ. ಒಬ್ಬಳು ಅದು 'ಗ್ಲಾಕ್ಸೋ' ಅನ್ನುತ್ತಾಳೆ, ಇನ್ನೊಬ್ಬಳು 'ಕ್ರೀಮೋ' ಅನ್ನುತ್ತಾಳೆ, ಮತ್ತೊಬ್ಬ 'ಟಾಫಿ' ಅಂತ ಓದುತ್ತಾನೆ. ಪಾರ್ಕಿನಲ್ಲಿ ಕೂತ ಸೆಪ್ಟಿಮಸ್, ಯುದ್ಧದಿಂದ ಮನಸ್ಸು ಮುರಿದು ಬಂದವನು, ಅವರು ನನಗೆ ಸನ್ನೆ ಮಾಡುತ್ತಿದ್ದಾರೆ ಅಂದುಕೊಂಡು ಕಣ್ಣೀರು ತುಂಬಿಕೊಳ್ಳುತ್ತಾನೆ. ಕ್ಯಾಮೆರಾ ಇದ್ದರೆ ಕತ್ತೆತ್ತಿದ ನಾಲ್ಕು ಮುಖಗಳನ್ನು ಒಂದರ ಪಕ್ಕ ಒಂದು ಇಡುತ್ತಿತ್ತು. ನಾಲ್ಕೂ ಒಂದೇ ತರ ಕಾಣುತ್ತಿದ್ದವು. ವುಲ್ಫ್ ಆ ನಾಲ್ಕು ತಲೆಗಳ ಒಳಗೆ ಹೋಗಿ ಬರುತ್ತಾಳೆ.

ಅವಳು ಸಿನಿಮಾ ನೋಡುತ್ತಿದ್ದಳು, 1926ರಲ್ಲಿ ಅದರ ಬಗ್ಗೆ ಒಂದು ಪ್ರಬಂಧವನ್ನೂ ಬರೆದಳು. 'ಡಾಕ್ಟರ್ ಕ್ಯಾಲಿಗರಿ' ಚಿತ್ರ ನೋಡುವಾಗ ಪರದೆಯ ಮೂಲೆಯಲ್ಲಿ ಕಪ್ಪೆಮರಿಯ ಆಕಾರದ ಒಂದು ನೆರಳು ಕಾಣಿಸಿಕೊಂಡಿತು. ಅದು ಊದಿಕೊಂಡು, ನಡುಗಿ, ಆಮೇಲೆ ಮಾಯವಾಯಿತು. ಚಿತ್ರದಲ್ಲಿ ಬೇಕಂತ ಮಾಡಿದ್ದಲ್ಲ, ಏನೋ ಎಡವಟ್ಟು. ಆದರೆ 'ನನಗೆ ಹೆದರಿಕೆ' ಅಂತ ನಟ ಹೇಳುವುದಕ್ಕಿಂತ ಆ ನೆರಳೇ ಹೆದರಿಕೆಯ ಹಾಗೆ ಇತ್ತು ಅನ್ನುತ್ತಾಳೆ. ಕಾದಂಬರಿಗಳನ್ನು ಕದ್ದು ಸಿನಿಮಾ ಮಾಡುವ ಚಾಳಿಯನ್ನು ಅದೇ ಪ್ರಬಂಧದಲ್ಲಿ ಚೆನ್ನಾಗಿ ಝಾಡಿಸುತ್ತಾಳೆ. ಇವಳನ್ನು ಸಿನಿಮಾದ ಶಿಷ್ಯೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಸಿನಿಮಾವನ್ನು ಬಾಯಿಬಿಟ್ಟು ಹೊಗಳಿ ಬರೆದವನು ಬೇಕಾದರೆ ಆಲ್‌ಫ್ರೆಡ್ ಡ್ಯೋಬ್ಲಿನ್ ಇದ್ದಾನೆ. ಪೂರ್ವ ಬರ್ಲಿನ್‌ನಲ್ಲಿ ಬಡವರಿಗೆ ಔಷಧಿ ಕೊಡುತ್ತಿದ್ದ ಡಾಕ್ಟರು. 1913ರಲ್ಲೇ, ಕಾದಂಬರಿಗೆ ಸಿನಿಮಾದ ಶೈಲಿ ಬೇಕು, ಉದ್ದುದ್ದ ಮನಸ್ಸಿನ ವಿಶ್ಲೇಷಣೆ ಸಾಕು ಅಂತ ಬರೆದಿದ್ದ. 1929ರಲ್ಲಿ ಅವನ 'ಬರ್ಲಿನ್ ಅಲೆಕ್ಸಾಂಡರ್‌ಪ್ಲಾಟ್ಸ್' ಬಂತು. ಅದರ ಶುರು ನೋಡಿ. ಫ್ರಾಂಟ್ಸ್ ಬೀಬರ್‌ಕಾಫ್ ನಾಲ್ಕು ವರ್ಷ ಜೈಲಿನಲ್ಲಿದ್ದು ಟೇಗಲ್ ಜೈಲಿನ ಗೇಟಿನಿಂದ ಹೊರಗೆ ಬಂದಿದ್ದಾನೆ. ಕೆಂಪು ಗೋಡೆಗೆ ಒರಗಿ ನಿಂತಿದ್ದಾನೆ. ಟ್ರಾಮ್ ಬರುತ್ತದೆ, ಹತ್ತುವುದಿಲ್ಲ. ಇನ್ನೊಂದು ಬರುತ್ತದೆ, ಹತ್ತುವುದಿಲ್ಲ. ಒಂದಾದ ಮೇಲೊಂದನ್ನು ಹೋಗಲು ಬಿಡುತ್ತಾನೆ. ಅಲ್ಲಿ ಡ್ಯೋಬ್ಲಿನ್ ಹೇಳುತ್ತಾನೆ, ಶಿಕ್ಷೆ ಶುರುವಾಗುತ್ತದೆ ಅಂತ. ಜೈಲಿನಿಂದ ಹೊರಬಂದ ಮೇಲೆ ಶಿಕ್ಷೆ! ಕೊನೆಗೆ 41ನೇ ನಂಬರಿನ ಟ್ರಾಮ್ ಹತ್ತುತ್ತಾನೆ. ಅಂಗಡಿ, ಜನ, ಗಾಜು, ಗದ್ದಲ ಎಲ್ಲ ಮೈಮೇಲೆ ಬೀಳುತ್ತವೆ. ಮನೆಗಳ ಮೇಲಿನ ಮಾಡುಗಳು ಜಾರಿ ತನ್ನ ಮೇಲೆ ಬಿದ್ದುಬಿಡುತ್ತವೆ ಅನ್ನಿಸುತ್ತದೆ ಅವನಿಗೆ.

ರುಟ್‌ಮನ್‌ನ ರೈಲೂ ಬರ್ಲಿನ್ ಒಳಗೆ ಹೋಗುತ್ತದೆ, ಈ ಟ್ರಾಮೂ ಹೋಗುತ್ತದೆ. ಅಲ್ಲಿ ಖುಷಿ, ಇಲ್ಲಿ ಮೈನಡುಕ.

ಪುಸ್ತಕದೊಳಗೆ ಡ್ಯೋಬ್ಲಿನ್ ಊರನ್ನೇ ಸುರಿದಿದ್ದಾನೆ. 68ನೇ ಟ್ರಾಮ್ ಎಲ್ಲೆಲ್ಲಿ ನಿಲ್ಲುತ್ತದೆ ಅನ್ನುವ ಪಟ್ಟಿ, ಹವಾಮಾನ ವರದಿ, ಜಾಹೀರಾತು, ಜನರ ಹಾಡು, ಕಸಾಯಿಖಾನೆಯ ಅಂಕಿಅಂಶ. ಹಸ್ತಪ್ರತಿಯಲ್ಲಿ ಅವನು ಪೇಪರ್ ತುಂಡುಗಳನ್ನು ಕತ್ತರಿಸಿ ಹಾಗೇ ಅಂಟಿಸಿದ್ದ. ಕತ್ತರಿ, ಗೋಂದು ಎರಡೂ ನಿಜವಾದವೇ. ಜಾಯ್ಸ್‌ನನ್ನು ನಕಲು ಹೊಡೆದೆ ಅಂತ ಜನ ಅಂದಾಗ, ಪುಸ್ತಕದ ಕಾಲು ಭಾಗ ಬರೆದಾದ ಮೇಲೆ ನಾನು 'ಯುಲಿಸಿಸ್' ನೋಡಿದ್ದು ಅಂದ. ನಂಬಬಹುದು. ದಿನಾ ಬೆಳಿಗ್ಗೆ ಪೇಪರ್ ಓದುವವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಒಂದು ಕೊಲೆ, ಅದರ ಕೆಳಗೆ ಸೋಪಿನ ಜಾಹೀರಾತು, ಪಕ್ಕದಲ್ಲಿ ಬೆಳ್ಳಿ ದರ. ಪೇಪರ್ ಅಂದರೆ ಅದೇ ತಾನೇ?

ನ್ಯೂಯಾರ್ಕಿಗೆ ಡಾಸ್ ಪ್ಯಾಸೊಸ್‌ನ 'ಮ್ಯಾನ್‌ಹಾಟನ್ ಟ್ರಾನ್ಸ್‌ಫರ್' ಇದೆ, 1925ರದ್ದು. ಸಿನಿಮಾದಲ್ಲಿ ಅದೇ ಊರಿನ ಮೇಲೆ ಶೀಲರ್ ಮತ್ತು ಸ್ಟ್ರ್ಯಾಂಡ್ 1921ರಲ್ಲಿ ಮಾಡಿದ 'ಮ್ಯಾನ್‌ಹಾಟಾ' ಇದೆ, ಹತ್ತು ಹನ್ನೊಂದು ನಿಮಿಷ. ಪ್ಯಾರಿಸ್ ಮೇಲೆ ಕವಲ್ಕಾಂತಿ 1926ರಲ್ಲಿ ಮಾಡಿದ್ದು ಇದೆ. ಇವನ್ನೆಲ್ಲ ಪುರುಸೊತ್ತಾದಾಗ ನೋಡಿ. ಬಿಡದೆ ನೋಡಬೇಕಾದ್ದು ಸೋವಿಯತ್ ನಿರ್ದೇಶಕ ಜೀಗಾ ವರ್ತೋವ್‌ನ 'ಮೂವಿ ಕ್ಯಾಮೆರಾ ಹಿಡಿದ ಮನುಷ್ಯ', 1929.

ಅಲ್ಲೂ ಒಂದು ದಿನ, ಒಂದು ಊರು. ಆದರೆ ಆ ಊರು ಭೂಪಟದಲ್ಲಿ ಇಲ್ಲ! ಮಾಸ್ಕೋ, ಕೀವ್, ಒಡೆಸ್ಸಾದಲ್ಲೆಲ್ಲ ತೆಗೆದು ಒಂದೇ ಊರಿನ ಹಾಗೆ ಹೊಲಿದಿದ್ದಾರೆ. ಹೊಲಿದವಳು ವರ್ತೋವ್‌ನ ಹೆಂಡತಿ ಎಲಿಜವೆಟಾ ಸ್ವಿಲೋವಾ, ಕ್ಯಾಮೆರಾ ಹಿಡಿದವನು ಅವನ ತಮ್ಮ ಮಿಖಾಯಿಲ್ ಕಾಫ್‌ಮನ್. ಒಂದು ಕಡೆ ಜಟಕಾ ಕುದುರೆ ನಾಗಾಲೋಟದಲ್ಲಿ ಓಡುತ್ತಿರುತ್ತದೆ. ಪಟ್ಟನೆ ಚಿತ್ರ ನಿಲ್ಲುತ್ತದೆ. ಕುದುರೆ ಕಾಲೆತ್ತಿಕೊಂಡು ಗಾಳಿಯಲ್ಲೇ ನಿಂತಿದೆ. ಮುಂದಿನ ಶಾಟ್‌ನಲ್ಲಿ ಅದು ಫಿಲ್ಮಿನ ತುಂಡು, ಸ್ವಿಲೋವಾ ಮೇಜಿನ ಮೇಲೆ. ಅವಳು ಕತ್ತರಿಸುತ್ತಾಳೆ, ಜೋಡಿಸುತ್ತಾಳೆ, ತುಂಡಿನಲ್ಲಿ ಹೆಪ್ಪುಗಟ್ಟಿದ್ದ ಮಗುವಿನ ಮುಖ ಮತ್ತೆ ನಗಲು ಶುರುಮಾಡುತ್ತದೆ. ಊರು ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಸಿನಿಮಾವೂ ಅಷ್ಟೇ ಅಂತ ಅವನು ಮುಚ್ಚುಮರೆ ಇಲ್ಲದೆ ತೋರಿಸುತ್ತಾನೆ. ರುಟ್‌ಮನ್ ಮಾತ್ರ ಕೊನೆವರೆಗೂ ತನ್ನ ಕೈ ತೋರಿಸುವುದಿಲ್ಲ. ಅವನ ಕಡೆಯವರು ಮುಚ್ಚಿದ ಗಾಡಿಯಲ್ಲಿ ಕ್ಯಾಮೆರಾ ಬಚ್ಚಿಟ್ಟುಕೊಂಡು ಓಡಾಡಿದರು. ಕತ್ತಲಲ್ಲೂ ತೆಗೆಯಲು ಆಗಲಿ ಅಂತ ಕ್ಯಾಮೆರಾಮನ್ ಕಾರ್ಲ್ ಫ್ರಾಯಿಂಡ್ ಫಿಲ್ಮನ್ನೇ ಹೆಚ್ಚು ಬೆಳಕು ಹೀರುವ ಹಾಗೆ ಸಿದ್ಧಮಾಡಿದ್ದ.

ಮೂರನೇ ಪ್ರಶ್ನೆ, ಕನ್ನಡ. ಲೂಮಿಯೇರ್ ಚಿತ್ರಗಳು ಪ್ಯಾರಿಸ್‌ನಲ್ಲಿ ತೋರಿಸಿದ ಏಳನೇ ತಿಂಗಳಿಗೆ, 1896ರ ಜುಲೈ 7ಕ್ಕೆ, ಮುಂಬೈಯ ವಾಟ್ಸನ್ಸ್ ಹೋಟೆಲಿಗೆ ಬಂದವು. ನಮ್ಮ ಸಾಹಿತ್ಯದಲ್ಲಿ ಮಹಾನಗರ ಜೋರಾಗಿ ಉಸಿರಾಡಿದ್ದೂ ಮುಂಬೈಯಲ್ಲೇ, ಆದರೆ ಎಷ್ಟೋ ದಶಕಗಳ ಮೇಲೆ. ಯಶವಂತ ಚಿತ್ತಾಲರು ಹನೇಹಳ್ಳಿಯಿಂದ ಹೋಗಿ ಅಲ್ಲಿ ಬಾಳಿದವರು. ಅವರ 'ಶಿಕಾರಿ' 1979ರದ್ದು. ಅದರ ನಾಗಪ್ಪನಿಗೆ ಎಲ್ಲರೂ ತನ್ನ ಬೇಟೆಗೆ ಹೊರಟಿದ್ದಾರೆ ಅನ್ನಿಸುತ್ತದಲ್ಲ, ಬೀಬರ್‌ಕಾಫ್‌ನ ಜಾರುವ ಮಾಡುಗಳನ್ನು ಓದುವಾಗ ನನಗೆ ಅವನೇ ನೆನಪಾಗುವುದು. ಒಂದು ದಿನದ ಚೌಕಟ್ಟು ಅಲ್ಲಿಲ್ಲ, ಸಿಂಫನಿಯೂ ಅಲ್ಲ. ಅಪರಿಚಿತರು ಒಂದು ಗಳಿಗೆ ತೀರ ಹತ್ತಿರ ಬಂದು ದೂರ ಹೋಗುವುದು ಬೇಕಾದರೆ ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳನ್ನು ಓದಿ.

ಕೊನೆಗೆ ಒಂದು ಜೋಡಿಯನ್ನು ನಿಮಗೆ ತೋರಿಸಬೇಕು. ನೀವು ಎರಡನ್ನೂ ಒಟ್ಟೊಟ್ಟಿಗೆ ಹಿಡಿದುಕೊಂಡಿದ್ದೀರಲ್ಲ, ಅದಕ್ಕೇ.

ರುಟ್‌ಮನ್ ಚಿತ್ರದಲ್ಲಿ ಎಲ್ಲ ಬೀದಿಯಲ್ಲಿ ಸಿಕ್ಕಿದ್ದು ಅಂತ ಅನ್ನಿಸುತ್ತದೆ. ಒಂದು ಜಾಗದಲ್ಲಿ ಮಾತ್ರ ನಟನೆ ಎದ್ದು ಕಾಣುತ್ತದೆ. ಸೇತುವೆಯ ಮೇಲೆ ಒಬ್ಬಳು ಹೆಂಗಸು. ಅವಳ ಕಣ್ಣುಗಳು ಇಷ್ಟಗಲ, ಪರದೆ ತುಂಬಾ. ಆಮೇಲೆ ನೀರು. ಜನ ಓಡಿಬಂದು ಕಂಬಿಗೆ ಬಗ್ಗಿ ನೋಡುತ್ತಾರೆ. ಅಷ್ಟೇ, ಚಿತ್ರ ಮುಂದಕ್ಕೆ ಹೋಗುತ್ತದೆ. ಯಾರವಳು, ಯಾಕೆ ಬಿದ್ದಳು, ಹೇಳುವುದಿಲ್ಲ. ಈ ಚಿತ್ರದ ಮೂಲ ಯೋಚನೆ ಕೊಟ್ಟ ಕಾರ್ಲ್ ಮಾಯರ್‌ಗೆ ರುಟ್‌ಮನ್‌ನ ರೀತಿ ಹಿಡಿಸಲಿಲ್ಲ, ಬರೀ ಮೇಲುಮೇಲಿನದು ಅಂತ ಹಿಂದೆ ಸರಿದ. ಕ್ರಾಕಾವರ್ ಅನ್ನುವ ವಿಮರ್ಶಕನೂ ಇದೇ ಮಾತನ್ನು ಇನ್ನೂ ಖಾರವಾಗಿ ಬರೆದ. ಕೂಲಿಗಳ ಕಾಲು ತೋರಿಸಿ ದನಗಳ ಕಾಲು ತೋರಿಸಿದರೆ ಏನು ಹೇಳಿದ ಹಾಗಾಯಿತು ಅನ್ನುವುದು ಅವನ ಕೋಪ. ನನಗೆ ಅರ್ಧ ಒಪ್ಪಿಗೆ. ಮುಂದೆ ರುಟ್‌ಮನ್ ನಾಜಿಗಳ ಪ್ರಚಾರ ಚಿತ್ರಗಳಿಗೂ ಕೆಲಸ ಮಾಡಿದ ಅನ್ನುವುದನ್ನು ತಿಳಿದು ನೋಡಿದರೆ ಆ ಕಾಲುಗಳು ಬೇರೆ ತರ ಕಾಣುತ್ತವೆ. ಆದರೆ ಆ ಸೇತುವೆಯ ವಿಷಯದಲ್ಲಿ ಮೇಲುಮೇಲಿನದೇ ನಿಜ ಅಂತ ನನ್ನ ಅನಿಸಿಕೆ. ಗೊತ್ತಿಲ್ಲದವರು ಸತ್ತಾಗ ಊರಿಗೆ ಕಾಣುವುದು ಅಷ್ಟೇ.

ಈಗ ವುಲ್ಫ್. ಸೆಪ್ಟಿಮಸ್ ಕಿಟಕಿಯಿಂದ ಹಾರಿಕೊಳ್ಳುತ್ತಾನೆ. ಪುಟ ತಿರುವಿ. ಮಿಸೆಸ್ ಡ್ಯಾಲೋವೇಯ ಹಳೆ ಗೆಳೆಯ ಪೀಟರ್ ವಾಲ್ಶ್ ಬೀದಿಯಲ್ಲಿದ್ದಾನೆ, ಬ್ರಿಟಿಷ್ ಮ್ಯೂಸಿಯಂ ಎದುರಿಗೆ. ಆಂಬ್ಯುಲೆನ್ಸ್ ಗಂಟೆ ಕಿಣಿಕಿಣಿ ಕೇಳಿಸುತ್ತದೆ. ಎಂಥ ಅಚ್ಚುಕಟ್ಟು, ಇದಲ್ಲವೇ ನಾಗರಿಕತೆ ಅಂತ ಅವನು ಖುಷಿಪಡುತ್ತಾನೆ. ಒಳಗೆ ಯಾರಿದ್ದಾರೆ ಅನ್ನುವುದು ಅವನಿಗೆ ಗೊತ್ತಿಲ್ಲ. ನಮಗೆ ಗೊತ್ತು. ಆ ಕತ್ತರಿ ರುಟ್‌ಮನ್ ಕೈಯಲ್ಲೂ ಇತ್ತು. ಆದರೆ ಇಲ್ಲಿ ಎರಡು ತುಂಡನ್ನು ಸೇರಿಸುವುದು ಒಂದು ಗಂಟೆಯ ಸದ್ದು, ಅವನ ಚಿತ್ರವೋ ಮೂಕಿ.

ಅವನಿಗೂ ಅದು ಹೊಳೆದಿತ್ತೋ ಏನೋ. 1930ರಲ್ಲಿ ರುಟ್‌ಮನ್ 'ವೀಕೆಂಡ್' ಅಂತ ಒಂದು ಸಿನಿಮಾ ಮಾಡಿದ. ಸುಮಾರು 11 ನಿಮಿಷ. ಫಿಲ್ಮ್ ಮೇಲೆ ಬರೀ ಧ್ವನಿ, ಚಿತ್ರವೇ ಇಲ್ಲ. ಬರ್ಲಿನ್ ರೇಡಿಯೋದಲ್ಲಿ ಅದನ್ನು ಹಾಕಿದರು. ಶನಿವಾರ ಕೆಲಸ ಬಿಡುವ ಹೊತ್ತಿನಿಂದ ಸೋಮವಾರ ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹೋಗುವವರೆಗಿನ ಅದೇ ಊರು. ಟೈಪ್‌ರೈಟರ್, ಗರಗಸ, ಮಕ್ಕಳ ಪದ್ಯ, ಕೋಳಿ ಕೂಗು, ಚರ್ಚಿನ ಗಂಟೆ. ಅದೂ ಯೂಟ್ಯೂಬ್‌ನಲ್ಲಿದೆ. ಇಯರ್‌ಫೋನ್ ಹಾಕಿ, ದೀಪ ಆರಿಸಿ ಕೇಳಿ.